ವರ್ನರ್ ಮೇಷ್ಟ್ರು ಕೈ ಎತ್ತಿದಾಗ

ಆರ್ಕೆಸ್ಟ್ರಾದ ಮುಂದೆ ನಿಂತು ಕಡ್ಡಿ ಹಿಡಿದು ಕೈ ಬೀಸುವುದೂ ಒಂದು ಕೆಲಸವೇ ಎಂದು ಕೇಳುವವರು ನಮ್ಮೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನನ್ನ ಗಂಡನೇ ಒಬ್ಬ. ಅಂಥವರನ್ನೆಲ್ಲ ಒಂದು ವಾರ ವರ್ನರ್ ಲಾಹ್ತಿ ಮೇಷ್ಟ್ರ ಬೆನ್ನ ಹಿಂದೆ ಬಿಡಬೇಕಿತ್ತು. ಥಿಯೇಟರಿನ ಮೆಟ್ಟಿಲ ಮೇಲಿನ ಹಿಮ ಗೋರುವುದರಿಂದ ಅವರ ಸಂಗೀತ ಶುರುವಾಗುತ್ತಿತ್ತು. ಆಮೇಲೆ ಬಾಯ್ಲರ್ ಹೊತ್ತಿಕೊಂಡಿದೆಯೇ ನೋಡಬೇಕು. ಬಸೂನ್ ಊದುವವನು ಮೀನು ಹಿಡಿಯಲು ಹೋಗಿ ಕೆಮ್ಮು ಹತ್ತಿಸಿಕೊಂಡು ಬಂದರೆ ಸೇತುವೆಯಾಚೆಯ ಊರಿನಿಂದ ಇನ್ನೊಬ್ಬನನ್ನು ಫೋನಿನಲ್ಲಿ ಗೋಗರೆದು ಕರೆಸಬೇಕು. ಪಿಟೀಲಿನವರಲ್ಲಿ ಯಾರ ಪಕ್ಕ ಯಾರು ಕೂರಬೇಕೆಂಬ ಜಗಳ ಬಿಡಿಸಬೇಕು, ಅದಂತೂ ಎಂದೂ ಮುಗಿಯುವಂಥದ್ದಲ್ಲ. ಇಷ್ಟೆಲ್ಲ ಆಗಿ ಮಿಕ್ಕ ಹೊತ್ತಿನಲ್ಲಿ ಕೈ ಬೀಸುವುದು.

ನಾನು ಹೆಲ್ಮಿ. ಹಗಲೆಲ್ಲ ಹಲ್ಲಿನ ಡಾಕ್ಟರ ಹತ್ತಿರ ಕೆಲಸ, ಮಂಗಳವಾರ ಸಂಜೆ ನಮ್ಮೂರ ಆರ್ಕೆಸ್ಟ್ರಾದಲ್ಲಿ ವಿಯೋಲ ನುಡಿಸುತ್ತೇನೆ. ಪಿಟೀಲಿಗಿಂತ ಒಂದು ಸುತ್ತು ದೊಡ್ಡದಾದ, ದನಿ ತಗ್ಗಿಸಿ ಮಾತಾಡುವ ವಾದ್ಯ ಅದು. ಅದನ್ನು ನನ್ನ ಕೈಗೆ ಕೊಟ್ಟವರೂ ಮೇಷ್ಟ್ರೇ. ಆಗ ಅವರು ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು. "ನಿನ್ನ ಕೈಯೂ ಉದ್ದ, ಬಾಯೂ ದೊಡ್ಡದು. ಇದನ್ನ ನುಡಿಸು, ಬಾಯಿಗೆ ಸ್ವಲ್ಪ ಬಿಡುವು ಸಿಗುತ್ತೆ" ಅಂದಿದ್ದರು. ಬಿಡುವೇನೂ ಸಿಗಲಿಲ್ಲ, ವಿಯೋಲ ಮಾತ್ರ ಕೈಬಿಡಲಿಲ್ಲ.

ಅವರ ಅಪ್ಪ ಇಲ್ಲಿಯ ತಾಮ್ರದ ಗಣಿಯಲ್ಲಿ ದುಡಿದವರು. ಮಗನೂ ಅಲ್ಲಿಗೇ ಇಳಿಯಬೇಕಿತ್ತು, ಅಷ್ಟರಲ್ಲಿ ಗಣಿಯೇ ಮುಚ್ಚಿತು. ವರ್ನರ್ ಓದಿ ಮೇಷ್ಟ್ರಾದರು. ನಮ್ಮ ಆರ್ಕೆಸ್ಟ್ರಾದ ಅರ್ಧ ಜನ ಅವರ ಹತ್ತಿರವೇ ಕಲಿತವರು: ಅಂಚೆಯವನು, ಆಸ್ಪತ್ರೆಯ ನರ್ಸು, ರಸ್ತೆಯ ಹಿಮ ತಳ್ಳುವ ಗಾಡಿ ಓಡಿಸುವ ಎಡ್ಡಿ. ಎಡ್ಡಿ ನಮ್ಮಲ್ಲಿ ದೊಡ್ಡ ನಗಾರಿಗಳನ್ನು ಬಾರಿಸುತ್ತಾನೆ. ಹೀಗಾಗಿ ಎಲ್ಲರ ಬಾಯಲ್ಲೂ ಅವರು ಮೇಷ್ಟ್ರೇ. ಕಛೇರಿಯ ದಿನ ಅವರ ಮುಂದೆ ಸ್ವರಪುಸ್ತಕ ಇರುತ್ತಿರಲಿಲ್ಲ. ಎಷ್ಟೇ ದೊಡ್ಡ ಕೃತಿಯಾದರೂ ಅಷ್ಟೂ ವಾದ್ಯಗಳ ಪಾಲು ಅವರ ತಲೆಯಲ್ಲಿ. "ನಾನು ಪುಸ್ತಕ ನೋಡ್ತಾ ನಿಂತ್ರೆ ನಿಮ್ಮ ಮುಖ ಯಾರು ನೋಡೋದು?" ಎನ್ನುತ್ತಿದ್ದರು. ನಾವು ತಪ್ಪಿದರೆ ಗದರುತ್ತಿರಲಿಲ್ಲ, ಹುಬ್ಬು ಎತ್ತುತ್ತಿದ್ದರು. ಆ ಹುಬ್ಬಿಗೆ ಹೆದರಿ ನಾನು ಮನೆಯಲ್ಲಿ ಅಡುಗೆ ಬಿಟ್ಟು ಅಭ್ಯಾಸ ಮಾಡಿದ್ದುಂಟು. ಗಂಡನಿಗೆ ಕಡ್ಡಿಯ ಮೇಲೆ ಸಿಟ್ಟು ಯಾಕೆಂದು ಈಗ ಗೊತ್ತಾಯಿತಲ್ಲ.

ಹೋದ ವರ್ಷದಿಂದ ಅವರಿಗೆ ಮರೆವು ಶುರುವಾಯಿತು. ಮೊದಲ ಪಿಟೀಲು ಜಾಯ್ಸ್ ಪೆನ್‌ಹೇಲ್‌ಳದು. ಮೇಷ್ಟ್ರು ಬಿಟ್ಟರೆ ನಮಗೆಲ್ಲ ಅವಳೇ ಮುಂದಾಳು. ಒಂದು ಮಂಗಳವಾರ ಮೇಷ್ಟ್ರು ಅವಳನ್ನು "ಎಡಿತ್" ಎಂದು ಕರೆದರು. ಎಡಿತ್ ಅವಳ ತಾಯಿ. ಹಿಂದೆ ಅದೇ ಕುರ್ಚಿಯಲ್ಲಿ ಕೂತು ನುಡಿಸುತ್ತಿದ್ದವಳು, ತೀರಿಕೊಂಡು ಬಹಳ ಕಾಲವಾಯಿತು. ಜಾಯ್ಸ್ ತಿದ್ದಲು ಹೋಗದೆ "ಹೇಳಿ ಮೇಷ್ಟ್ರೇ" ಅಂದಳು. ನಾವ್ಯಾರೂ ತಲೆ ಎತ್ತಲಿಲ್ಲ.

ಆರ್ಕೆಸ್ಟ್ರಾ ನಡೆಸುವ ಕಮಿಟಿಯ ಕಿವಿಗೂ ಇದು ಬಿತ್ತು. ಅಧ್ಯಕ್ಷ ಬ್ರೂಸ್ ಟೊಲೊನೆನ್ ಹಾರ್ಡ್‌ವೇರ್ ಅಂಗಡಿಯವನು. ಕೆಟ್ಟವನಲ್ಲ, ಆದರೆ ಮೊಳೆ ಬಿಟ್ಟು ಬೇರೇನನ್ನೂ ನೆಟ್ಟಗೆ ಹೊಡೆದವನಲ್ಲ. ಅಂಗಡಿಗೆ ಹೋಗಿದ್ದಾಗ ನನ್ನನ್ನು ಪಕ್ಕಕ್ಕೆ ಕರೆದ.

"ಹೆಲ್ಮಿ, ಮೇಷ್ಟ್ರು ಅಂದ್ರೆ ನಂಗೂ ಪ್ರಾಣನೇ. ಆದ್ರೆ ಅರ್ಧ ಕುರ್ಚಿ ಖಾಲಿ ಹೊಡೀತಿವೆ. ಪೇಪರ್ ಮಿಲ್ ಮುಚ್ಚಿದ್ಮೇಲೆ ಸಹಾಯ ಮಾಡೋರೂ ಇಲ್ಲ. ಒಂದೊಂದು ಕಛೇರಿಗೆ ಒಬ್ಬೊಬ್ಬ ಹೊಸ ಹುಡುಗನ್ನ ಕಡ್ಡಿ ಹಿಡಿಯೋಕೆ ಕರೆಸಿದ್ರೆ ನೋಡೋಕಾದ್ರೂ ಜನ ಬರ್ತಾರೆ."

"ನೋಡೋಕಾ, ಕೇಳೋಕಾ?"

"ನೀನೊಬ್ಬಳು. ಜನವರಿ ಕಛೇರಿ ನೋಡ್ತೀವಿ. ಮೇಷ್ಟ್ರು ಸರಿಯಾಗಿ ನಡೆಸಿದ್ರೆ ಮುಂದಿನ ವರ್ಷಾನೂ ಅವರೇ. ಎಡವಿದ್ರೆ ಅಲ್ಲಿಗೆ ಸಾಕು ಅಂತ ಅವರಿಗೂ ಹೇಳಿದೀನಿ."

ನನಗೆ ಮೈ ಉರಿಯಿತು. ತೆಗೆದುಕೊಳ್ಳಲು ಹೋಗಿದ್ದ ಬಲ್ಬನ್ನು ಅಲ್ಲೇ ಬಿಟ್ಟು ಬಂದೆ. ಆಮೇಲೆ ಮೇಷ್ಟ್ರನ್ನೇ ಕೇಳಿದೆ. "ಅವನು ಹೇಳಿದ್ರಲ್ಲಿ ತಪ್ಪೇನಿದೆ?" ಅಂದರು. "ಆದ್ರೆ ಹೆಲ್ಮಿ, ಇದು ಬಿಟ್ರೆ ನಂಗೆ ಇನ್ನೇನಿದೆ? ಮನೇಲಿ ಕೂತು ಗೋಡೆಗೆ ಕೈ ಬೀಸ್ಲಾ?" ಅಂದರು.

ಜನವರಿಯ ಆ ಭಾನುವಾರ ಮಧ್ಯಾಹ್ನ ಹಿಮ ಸುರಿಯುತ್ತಿತ್ತು. ಮೊದಲಿಗೆ ಅಬ್ಬರದ ಕೃತಿಯೊಂದಿತ್ತು. ನಗಾರಿ, ಕೊಂಬು, ಪಿಟೀಲು ಎಲ್ಲ ಒಂದೇ ಏಟಿಗೆ ಶುರುವಾಗುವಂಥದ್ದು. ಕೊಂಬು ಊದುವವರ ಕಾರು ಸೇತುವೆಯ ಹತ್ತಿರ ಸಿಕ್ಕಿಹಾಕಿಕೊಂಡಿತೆಂದು ಫೋನ್ ಬಂತು. "ಹಾಗಾದ್ರೆ ತಂತಿವಾದ್ಯಗಳ ನಿಧಾನದ್ದು ಮೊದಲು ಮಾಡೋಣ. ಅಷ್ಟರಲ್ಲಿ ಅವರು ಬರ್ತಾರೆ" ಎಂದು ಮೇಷ್ಟ್ರೇ ಹೇಳಿದರು. ನಾವು ಹಾಳೆಗಳನ್ನು ಮೇಲೆ ಕೆಳಗೆ ಮಾಡಿಕೊಂಡು ಹೋಗಿ ಕೂತೆವು. ಬ್ರೂಸ್ ವೇದಿಕೆಗೆ ಬಂದು ಬದಲಾವಣೆಯನ್ನು ಜನಕ್ಕೆ ಹೇಳಿ ಇಳಿದು, ಮುಂದಿನ ಸಾಲಿನಲ್ಲೇ ಕೈಕಟ್ಟಿ ಕೂತ. ಆ ನಿಧಾನದ ಕೃತಿ ವಿಯೋಲಗಳಿಂದ ಶುರುವಾಗುತ್ತದೆ, ಬೇರೆ ಯಾರೂ ಇಲ್ಲ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

ಮೇಷ್ಟ್ರು ಬಂದರು, ಜನಕ್ಕೆ ತಲೆಬಾಗಿದರು, ನಮ್ಮ ಕಡೆ ತಿರುಗಿ ಎರಡೂ ಕೈ ಎತ್ತಿದರು. ಆ ಎತ್ತಿದ ರೀತಿಯಲ್ಲೇ ನನಗೆ ಗೊತ್ತಾಗಿಹೋಯಿತು. ಸೌದೆ ಸೀಳುವವರ ಹಾಗೆ ಕೈ ಕೆಳಗೆ ಬಂತು. ಅದು ಅಬ್ಬರದ ಕೃತಿಯ ಬೀಸು.

ಕೈ ಇಳಿದರೆ ನುಡಿಸಬೇಕು, ಅದು ನಮ್ಮ ಮೂಳೆಗೆ ಹತ್ತಿದ ಅಭ್ಯಾಸ. ಇಂಥ ಗಲಿಬಿಲಿಯಲ್ಲಿ ಯಾರಾದರೂ ಒಬ್ಬರು ಏನಾದರೊಂದು ನುಡಿಸಿಯೇ ಬಿಡುತ್ತಾರೆ, ಉಳಿದವರು ಬೇರೇನೋ, ಆಮೇಲೆ ಸಂತೆ. ಅವತ್ತು ಒಂದು ಸದ್ದೂ ಬರಲಿಲ್ಲ. ಎಡ್ಡಿ ಅಭ್ಯಾಸಬಲದಿಂದ ಎತ್ತಿದ ಕೋಲುಗಳನ್ನು ಹೊಟ್ಟೆಗೆ ಅವುಚಿಕೊಂಡು ಕೂತಿದ್ದ. ಇಡೀ ಆರ್ಕೆಸ್ಟ್ರಾ ಉಸಿರು ಬಿಗಿಹಿಡಿದಿತ್ತು.

ಮೇಷ್ಟ್ರ ಕೈ ಅಲ್ಲೇ ನಿಂತಿತು. ಜಾಯ್ಸ್ ಕಡೆ ನೋಡಿದರು, ನಮ್ಮ ಕಡೆ ನೋಡಿದರು. ತಪ್ಪಾಗಿದೆ ಎಂದು ಅವರಿಗೆ ಗೊತ್ತಾಗಿತ್ತು. ಸರಿ ಯಾವುದೆಂದು ಗೊತ್ತಿರಲಿಲ್ಲ. ಸಂತೆಯಲ್ಲಿ ಅಮ್ಮನ ಕೈ ತಪ್ಪಿಸಿಕೊಂಡ ಮಗುವಿನ ಮುಖ ಅದು. ಅಂಥ ಮುಖವನ್ನು ಅವರಲ್ಲಿ ನಾನು ಕಂಡಿರಲಿಲ್ಲ, ಕಾಣಲು ಇಷ್ಟವೂ ಇರಲಿಲ್ಲ.

ಜಾಯ್ಸ್ ನನ್ನತ್ತ ಕಣ್ಣು ಹೊರಳಿಸಿದಳು. ನಾನು ಕಮಾನು ಎತ್ತಿ, ನನ್ನ ಸಾಲಿನವರಿಗೆ ಕೇಳಿಸುವಂತೆ ಮೂಗಿನಲ್ಲಿ ಉಸಿರೆಳೆದೆ. ಯಾರ ಅಪ್ಪಣೆಯೂ ಇಲ್ಲದೆ ವಿಯೋಲಗಳು ಶುರುಮಾಡಿದವು, ಮೆಲ್ಲಗೆ. ಒಂದು ಸಾಲು ಮುಗಿಯುವಷ್ಟರಲ್ಲಿ ಮೇಷ್ಟ್ರಿಗೆ ಕೇಳಿಸಿತು. ಮುಖ ಸಡಿಲವಾಯಿತು, ಗಟ್ಟಿಯಾಗಿ ನಿಂತಿದ್ದ ಕೈ ಬಿಚ್ಚಿಕೊಂಡು ನಮ್ಮ ಹಿಂದೆ ಹಿಂದೆಯೇ ಬಂತು. ಇನ್ನೂ ತಗ್ಗುದನಿಯ ದೊಡ್ಡ ತಂತಿವಾದ್ಯ ಚೆಲ್ಲೋಗಳು ಸೇರುವ ಹೊತ್ತಿಗೆ ಮತ್ತೆ ಅವರೇ ಮುಂದಿದ್ದರು. ಆಮೇಲೆ ಕೊಂಬಿನವರೂ ಬಂದರು, ಅಬ್ಬರದ್ದೂ ಆಯಿತು, ಎಲ್ಲೂ ಒಂದು ಕೂದಲೆಳೆ ತಪ್ಪಲಿಲ್ಲ.

ಕಛೇರಿ ಮುಗಿದ ಮೇಲೆ ವೇದಿಕೆಯ ಹಿಂದಿನ ಕೋಣೆಯಲ್ಲಿ ಕಾಫಿ, ಏಲಕ್ಕಿ ಹಾಕಿದ ನಿಸು ಎಂಬ ಸಿಹಿ ಬ್ರೆಡ್ಡು. ಬ್ರೂಸ್ ಎರಡೂ ಕೈ ಚಾಚಿಕೊಂಡು ಬಂದ.

"ಮೇಷ್ಟ್ರೇ, ಶುರುವಿನಲ್ಲಿ ಏನ್ ಮಾಡಿದ್ರಿ ಅದು. ಒಂದ್ಸಲ ಕೈ ಬೀಸಿ ಇಡೀ ಥಿಯೇಟರ್ ಬಾಯಿ ಮುಚ್ಚಿಸಿಬಿಟ್ರಿ. ಕೆಮ್ಮೋರು ಕೂಡ ನಿಲ್ಲಿಸಿದ್ರು. ಮೈ ಜುಮ್ಮಂತು. ಮುಂದಿನ ವರ್ಷಾನೂ ನೀವೇ, ಆ ಮಾತು ಮುಗೀತು."

ನಾನು ಬ್ರೆಡ್ಡು ಬಾಯಿಗಿಟ್ಟುಕೊಂಡು ನಗು ನುಂಗಿದೆ. ಎಡ್ಡಿ ಗೋಡೆ ಕಡೆ ತಿರುಗಿದ. ಯಾರೂ ಪಿಟಕ್ಕೆನ್ನಲಿಲ್ಲ. ಗೆದ್ದೆವು ಅಂದುಕೊಂಡೆ.

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. "ಬ್ರೂಸ್, ಅದು ನಾನು ಮಾಡಿದ್ದಲ್ಲ. ಮೊದಲು ಯಾವುದು ಅಂತ ನಂಗೆ ಮರೆತುಹೋಗಿತ್ತು. ಇವರು ನುಡಿಸಿದ್ಮೇಲೇ ಗೊತ್ತಾಗಿದ್ದು."

ಬ್ರೂಸ್ ಚಾಚಿದ ಕೈ ಹಾಗೇ ಇತ್ತು. ನನಗೆ ಸಿಟ್ಟು ನೆತ್ತಿಗೇರಿತು. "ನಾವಷ್ಟೂ ಜನ ಬಾಯಿ ಮುಚ್ಕೊಂಡಿದ್ವಲ್ಲ ಮೇಷ್ಟ್ರೇ. ನಿಮಗೊಬ್ಬರಿಗೆ ಸುಮ್ಮನಿರೋಕೆ ಆಗ್ಲಿಲ್ವಾ?" ಅಂದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು.

"ಇವತ್ತು ನೀವು ಹಿಡಿದ್ರಿ ಹೆಲ್ಮಿ. ಇನ್ನೊಂದು ದಿನ ನಾನು ಕೃತಿಯ ನಡುವೆ ತಪ್ಪಿಸ್ಕೊಂಡ್ರೆ? ಆಗ ಜನ ವಿಯೋಲದೋರು ಕೆಡಿಸಿದ್ರು ಅಂತಾರೆ, ಕೊಂಬಿನೋರು ಕೆಡಿಸಿದ್ರು ಅಂತಾರೆ. ಮೇಷ್ಟ್ರ ತಪ್ಪು ಅಂತ ಯಾರಿಗೂ ಗೊತ್ತಾಗಲ್ಲ. ನನ್ನ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕಿ ನಾನು ಅಲ್ಲಿ ನಿಂತ್ಕೊಳ್ಳಲಾ?" ಅವರ ದನಿ ಸಣ್ಣಗಾಯಿತು. "ಏಪ್ರಿಲ್ ಕಛೇರಿ ಒಂದು ಮಾಡಿಬಿಡ್ತೀನಿ ಬ್ರೂಸ್. ಪುಸ್ತಕ ಮುಂದೆ ಇಟ್ಕೊಂಡು ಮಾಡ್ತೀನಿ. ಆಮೇಲೆ ನಿನ್ನ ಹುಡುಗರನ್ನ ಕರೆಸು."

ಬ್ರೂಸ್ ಅವರ ಖಾಲಿ ಲೋಟ ತೆಗೆದುಕೊಂಡು ಹೋಗಿ ಕಾಫಿ ತುಂಬಿಸಿಕೊಂಡು ಬಂದ.

ಏಪ್ರಿಲ್‌ನಲ್ಲಿ ಹಿಮ ಕರಗಿ ರಸ್ತೆಯೆಲ್ಲ ರಾಡಿಯಾಗಿತ್ತು. ಕುರ್ಚಿಗಳು ತುಂಬಿದ್ದವು ಎಂದು ಸುಳ್ಳು ಹೇಳಲಾರೆ, ಆದರೆ ಸುಮಾರು ಜನ ಬಂದಿದ್ದರು. ನನ್ನ ಗಂಡನೂ ಬಂದಿದ್ದ, ಟೈ ಕಟ್ಟಿಕೊಂಡು. ಮೇಷ್ಟ್ರು ಕಂಕುಳಲ್ಲಿ ಸ್ವರಪುಸ್ತಕ ಇಟ್ಟುಕೊಂಡು ಬಂದರು. ಅದನ್ನು ಸ್ಟ್ಯಾಂಡಿನ ಮೇಲಿಟ್ಟು, ಕನ್ನಡಕ ಹಾಕಿಕೊಂಡು ಮೊದಲ ಪುಟ ತೆರೆದರು. ಓದಿದರು. ಜನ ಕಾಯುತ್ತಿದ್ದರು, ಅವರು ಅವಸರ ಮಾಡಲಿಲ್ಲ. ಆಮೇಲೆ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ, ಆ ಪುಟವನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು, ಇದೇ ತಾನೇ ಎನ್ನುವಂತೆ. ಅಷ್ಟು ದೂರದಿಂದ ಯಾರಿಗೂ ಒಂದಕ್ಷರ ಕಾಣುತ್ತಿರಲಿಲ್ಲ.

ಎಲ್ಲರೂ ಹೌದೆಂದು ತಲೆಯಾಡಿಸಿದೆವು. ಮೇಷ್ಟ್ರು ಪುಸ್ತಕ ಇಟ್ಟು ಕೈ ಎತ್ತಿದರು.