ಫೋನಿನಲ್ಲಿ ಹೇಳಿದ ಒಡಪು

ದುಬೈಯಲ್ಲಿ ವಿಮಾನ ಬದಲಿಸುವಾಗ ನನ್ನ ಜೊತೆಗಿದ್ದ ನವಲಿಯ ನೀಲಮ್ಮ ಬೋರ್ಡಿಂಗ್ ಪಾಸ್ ಕಳೆದುಕೊಂಡರು. ಹೊಸದು ಕೊಡುವ ಮೊದಲು ಕೌಂಟರಿನ ಅಧಿಕಾರಿ, ಪಾಸ್‌ಪೋರ್ಟಿನಲ್ಲಿರುವ ಗಂಡನ ಹೆಸರನ್ನು ಅವರೇ ಬಾಯಿಬಿಟ್ಟು ಹೇಳಬೇಕೆಂದ. ಭಾಷಾ ಸಹಾಯದ ಫೋನಿನಲ್ಲಿದ್ದ ಹೆಣ್ಣುಮಗಳು ಅದನ್ನು ಕನ್ನಡದಲ್ಲಿ ಕೇಳಿದಳು.

“ಗಂಡನ ಹೆಸರು ಹ್ಯಾಂಗ ಹೇಳಲಿ ಯವ್ವಾ?” ನೀಲಮ್ಮ ಬಾಯಿಗೆ ಸೆರಗು ಹಿಡಿದರು. ವಿಮಾನದ ಬಾಗಿಲು ಮುಚ್ಚುವ ಹೊತ್ತಾಗಿತ್ತು; ನನಗೋ ಬೆವರು.

“ಲಗ್ನದಾಗ ಹೇಳ್ತೀರಲ್ರಿ, ಹಂಗ ಒಡಪಿನ್ಯಾಗ ಹೇಳ್ರಿ ಯವ್ವಾ,” ಎಂದಳು ಫೋನಿನಾಕೆ.

ನೀಲಮ್ಮ ಗಂಟಲು ಸರಿಮಾಡಿಕೊಂಡರು. “ನವಲಿ ಗದ್ದ್ಯಾಗ ಭತ್ತದ ಪೈರು ಹಸರು, ಶರಣಪ್ಪ ಅಂತ ನಮ್ಮ ಯಜಮಾನ್ರ ಹೆಸರು!”

“ಶರಣಪ್ಪ,” ಎಂದು ಆಕೆ ಅಧಿಕಾರಿಗೆ ತಿಳಿಸಿದಳು. ಅಷ್ಟು ಉದ್ದದ ಮಾತಿಗೆ ಇಷ್ಟೇ ಅರ್ಥವೇ ಎಂಬಂತೆ ಅವನು ಫೋನನ್ನೇ ನೋಡಿದ.

ಪಾಸ್ ಕೈಗೆ ಬಂದರೂ ನೀಲಮ್ಮ ಕದಲಲಿಲ್ಲ. “ನನ್ನ ಪಾಳಿ ಮುಗೀತು. ಈಗ ನಿಂದು ಹೇಳು ಯವ್ವಾ.”

ಫೋನಿನಲ್ಲಿ ನಾಚಿದ ನಗು ಕೇಳಿಸಿತು. ಅಧಿಕಾರಿಯೂ ಕಿವಿಗೊಟ್ಟು ನಿಂತ.