ಹೆಬ್ಬೆರಳು ಕಟ್ಟಿಕೊಂಡವನು

ರವೀಂದ್ರನ ಪಾಲಿಗೆ ವಾರದಲ್ಲಿ ಮಾತಾಡುವ ದಿನ ಅಂತ ಇದ್ದದ್ದು ಭಾನುವಾರ ಒಂದೇ. ಮಿಕ್ಕ ದಿನ ಅವನು ಪಾಂಡವಪುರದ ಅಕ್ಕಿ ಗಿರಣಿಯಲ್ಲಿ ಫಿಟ್ಟರು. ಆ ಗದ್ದಲದಲ್ಲಿ ಮಾತಾಡಿದರೂ ಒಂದೇ, ಬಿಟ್ಟರೂ ಒಂದೇ. ಸಂಜೆ ಬಂದು ಬೀಗ ತೆಗೆದರೆ ಒಳಗಿನಿಂದ ‘ಬಂದೆಯಾ’ ಎನ್ನುವ ಪ್ರಾಣಿಯಿಲ್ಲ. ಮದುವೆಯಾಗಲಿಲ್ಲ. ಯಾಕಾಗಲಿಲ್ಲ ಎಂದು ಕೇಳಿ ಕೇಳಿ ಊರಿನವರೂ ಸುಸ್ತಾಗಿ, ಐವತ್ತು ಹತ್ತಿರ ಬಂದ ಮೇಲೆ ಆ ಒಂದು ವಿಷಯದಲ್ಲಿ ಅವನನ್ನು ಕ್ಷಮಿಸಿಬಿಟ್ಟಿದ್ದಾರೆ.

ಭಾನುವಾರದ ಮಾತಿಗೆ ಇದ್ದವನು ಪುಟ್ಟರಾಜು. ಚಿನಕುರಳಿ ಕಡೆ ಸ್ವಂತ ಆಲೆಮನೆ, ಎರಡು ಎಮ್ಮೆ, ಕೋಪ ಸ್ವಲ್ಪ ಜಾಸ್ತಿ. ಶ್ರೀರಂಗಪಟ್ಟಣದಲ್ಲಿ ಬಾಡಿಗೆಗಿದ್ದ ಒಬ್ಬ ಎಂಜಿನಿಯರು ವರ್ಗವಾಗಿ ಹೋಗುವಾಗ, ಬೆಟ್ಟ ಹತ್ತುವ, ಗೇರಿರುವ ಹಳೇ ಕಾಲದ ಎರಡು ಸೈಕಲ್ಲುಗಳನ್ನು ಬಂದ ಬೆಲೆಗೆ ಮಾರಿಹೋಗಿದ್ದ. ಅವನ್ನು ಇವರಿಬ್ಬರೂ ಒಂದೊಂದು ಹಂಚಿಕೊಂಡರು. ಪ್ರತಿ ಭಾನುವಾರ ಜಕ್ಕನಹಳ್ಳಿಯ ಟೀ ಅಂಗಡಿಯಲ್ಲಿ ಸೇರುವುದು, ಮೇಲುಕೋಟೆ ಹತ್ತುವುದು, ಪುಳಿಯೋಗರೆ ತಿಂದು ಇಳಿಯುವುದು. ಹತ್ತುವಾಗ ಪುಟ್ಟರಾಜು ಹಿಂದೆ, ಬಯ್ಯುತ್ತಾ. ಇಳಿಯುವಾಗ ಮುಂದೆ, ಕೂಗುತ್ತಾ. ಈ ಬೈಗುಳವೇ ರವೀಂದ್ರನಿಗೆ ಒಂದು ವಾರಕ್ಕೆ ಸಾಲುತ್ತಿತ್ತು.

ಹೋದ ವರ್ಷ ಕಬ್ಬು ಕೊಡುವಾಗ ಗಾಣ ಪುಟ್ಟರಾಜುವಿನ ಬಲಗೈ ಹೆಬ್ಬೆರಳನ್ನು ಬುಡಸಮೇತ ಎಳೆದುಕೊಂಡಿತು. ಗಾಯ ಮಾಗಿತು. ಅದೇ ಗಾಣಕ್ಕೆ ಅದೇ ಕೈಯಲ್ಲಿ ಮತ್ತೆ ಕಬ್ಬು ಕೊಟ್ಟ. ಆದರೆ ಸೈಕಲ್ಲು ಜಗಲಿಯಿಂದ ಇಳಿಯಲಿಲ್ಲ. ರವೀಂದ್ರ ಹೋಗಿ ಕರೆದ.

“ಗೇರು ಒತ್ತಕ್ಕಾಗಲ್ಲ ಕಣ್ಲಾ. ಗೇರಿಲ್ದೆ ಬೆಟ್ಟ ಅತ್ತಕ್ಕಾಯ್ತದಾ? ನೀನೋಗು. ಅದನ್ನ ಒಯ್ದು ಗುಜರಿಗಾದ್ರೂ ಆಕು.”

ಮಾತು ಸುಳ್ಳಲ್ಲ. ಹಿಂದಿನ ಚಕ್ರದ ಗೇರು ಬದಲಿಸುವ ಗುಂಡಿ ಬಲ ಹಿಡಿಕೆಯ ಅಡಿಯಲ್ಲಿತ್ತು. ಹೆಬ್ಬೆರಳಿಲ್ಲದೆ ಅದನ್ನು ಒತ್ತುವುದು ಬ್ರಹ್ಮನಿಂದಲೂ ಆಗದ ಕೆಲಸ. ರವೀಂದ್ರ ಸೈಕಲ್ಲನ್ನು ಒಯ್ದ, ಗುಜರಿಗೆ ಹಾಕಲಿಲ್ಲ. ಅವನಿಗೆ ಸೈಕಲ್ಲಿನ ಚಿಂತೆಯಿರಲಿಲ್ಲ. ಪುಟ್ಟರಾಜು ಮತ್ತೆ ಹಿಂದಿನಿಂದ ಬಯ್ಯಬೇಕಿತ್ತು, ಅಷ್ಟೇ.

ಬೇಕಾದದ್ದು ಶ್ರೀರಂಗಪಟ್ಟಣದಲ್ಲಿ ಚಿಕ್ಕಯ್ಯ ಎಂಬ ಮುದುಕನ ಸೈಕಲ್ ಅಂಗಡಿಯಲ್ಲಿ ಸಿಕ್ಕಿತು. ಮೂವತ್ತು ವರ್ಷದ ಹಿಂದಿನ ಮಾಲು. ಹಿಡಿಕೆಯ ಮೇಲೆ ಕೂರುವ, ಕಿರುಬೆರಳುದ್ದದ ಕಬ್ಬಿಣದ ಸನ್ನೆ, ಅಂದರೆ ಲಿವರು. ಹೆಸರೇನೋ ಹೆಬ್ಬೆರಳಿನ ಗೇರು ಅಂತ, ಆದರೆ ಮುಂದಕ್ಕೆ ನೂಕಲು ಅಂಗೈಯ ಬುಡ ಸಾಕು, ಹಿಂದಕ್ಕೆಳೆಯಲು ತೋರುಬೆರಳು. ಜೊತೆಗೆ ಎಣ್ಣೆಕಾಗದದಲ್ಲಿ ಸುತ್ತಿಟ್ಟಿದ್ದ ಏಳು ಹಲ್ಲುಚಕ್ರಗಳ ಒಂದು ಕ್ಯಾಸೆಟ್ಟೂ ಸಿಕ್ಕಿತು. ಗಿರಣಿಯಲ್ಲಿ ಅದನ್ನು ತೋರಿಸಿದಾಗ, “ಕ್ಯಾಸೆಟ್ಟಾ? ಎಲ್ಲಿ, ಆಕ್ಲಾ, ಒಂದು ಸಿನಿಮಾ ಆಡ ಕೇಳವ,” ಎಂದು ನಕ್ಕರು. ರವೀಂದ್ರನೂ ನಕ್ಕ, ನಗುವವರ ಜೊತೆ ನಿಲ್ಲುವುದೂ ಒಂದು ಸಹವಾಸ ತಾನೇ.

ಸೈಕಲ್ಲನ್ನು ಮನೆಯ ತೊಲೆಗೆ ಹಗ್ಗದಲ್ಲಿ ನೇತುಹಾಕಿ, ಕ್ಯಾಸೆಟ್ ಕೂರಿಸಿ, ಹೊಸ ಕೇಬಲ್ ಎಳೆದ. ಸನ್ನೆ ಕಟಕ್ ಕಟಕ್ ಎಂದು ಆರು ಕಡೆ ನಿಲ್ಲುತ್ತಿತ್ತು, ಚಕ್ರಗಳು ಏಳು. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂತೆ ಒಂದಕ್ಕೊಂದು ಹೊಂದಲಿಲ್ಲ. ಆದರೆ ಆ ಹಳೇ ಸನ್ನೆಯಲ್ಲಿ ಒಂದು ಉಂಗುರವಿತ್ತು. ಅದನ್ನು ತಿರುಗಿಸಿಬಿಟ್ಟರೆ ಕಟಕಟ ನಿಂತು, ಬಿಗಿಯಾಗಿ ಸರಿದು, ಬಿಟ್ಟ ಕಡೆ ನಿಲ್ಲುತ್ತಿತ್ತು. ಆಮೇಲೆ ಗೇರು ಹುಡುಕುವುದು ಕಿವಿಯ ಕೆಲಸ. ಸರಪಳಿ ಎರಡು ಚಕ್ರದ ನಡುವೆ ಸಿಕ್ಕರೆ ಗೊಣಗುತ್ತದೆ, ಸರಿಯಾಗಿ ಕೂತರೆ ಸುಮ್ಮನಾಗುತ್ತದೆ.

ಓಡಿಸಿ ನೋಡಿದಾಗ ಇನ್ನೊಂದು ತೊಡಕು. ಅವನ ಹೆಬ್ಬೆರಳು ಕರೆಯದಿದ್ದರೂ ಸಹಾಯಕ್ಕೆ ಬರುತ್ತಿತ್ತು. ಸನ್ನೆ ಪುಟ್ಟರಾಜುವಿನ ಕೈಗೆ ಎಟಕುತ್ತದೋ ಇಲ್ಲವೋ ತಿಳಿಯುವುದು ಹೇಗೆ? ಹಳೇ ಪಂಚೆಯ ಅಂಚು ಹರಿದು ಹೆಬ್ಬೆರಳನ್ನು ಅಂಗೈಗೆ ಬಿಗಿದು ಕಟ್ಟಿದ. ಹಾಗೇ ವಾರವಿಡೀ ಊರಲ್ಲಿ ಓಡಿಸಿದ. ಸನ್ನೆಯನ್ನು ಒಂದಿಷ್ಟು ಒಳಕ್ಕೆ ಸರಿಸಿದ, ಒಂದಿಷ್ಟು ತನ್ನ ಕಡೆಗೆ ತಿರುಗಿಸಿದ. ಅನ್ನ ಕಲಸುವಾಗಲೂ ಕಟ್ಟು ಬಿಚ್ಚಲಿಲ್ಲ. ಹೆಬ್ಬೆರಳಿಲ್ಲದೆ ತುತ್ತು ಬಾಯಿಗೆ ಹೋಗುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಗಿ, ಊಟ ಅರ್ಧಕ್ಕೇ ಬಿಟ್ಟು ಎದ್ದ.

ಗಿರಣಿ ಎದುರಿನ ಟೀ ಅಂಗಡಿ ಮುದ್ದಯ್ಯ ಕೇಳಿದ: “ಎಬ್ಬೆಳ್ಳಿಗೇನ್ಲಾ ಆಯ್ತು?”

“ಏನೂ ಇಲ್ಲ. ಪುಟ್ಟರಾಜು ತರ ಓಡ್ಸಕ್ಕೆ ಬತ್ತದಾ ಅಂತ ನೋಡ್ತಾವ್ನಿ.”

ಆಡಿದ ಮಾತು, ಒಡೆದ ಮುತ್ತು. ರವೀಂದ್ರ ಮಾತು ಕಡಿಮೆಯ ಮನುಷ್ಯ. ಇನ್ನೊಂದು ವಾಕ್ಯ ಸೇರಿಸಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ಸೇರಿಸಲಿಲ್ಲ. ಪಾಂಡವಪುರದಿಂದ ಚಿನಕುರಳಿ ಮುಟ್ಟುವಷ್ಟರಲ್ಲಿ ಆ ಮಾತಿಗೆ ಕೊಂಬೂ ಬಂದಿತ್ತು, ಬಾಲವೂ ಬಂದಿತ್ತು.

ಸೈಕಲ್ಲನ್ನು ತೊಳೆದು ಒರೆಸಿ ಆಲೆಮನೆಗೆ ಒಯ್ದಾಗ ಪುಟ್ಟರಾಜು ಕೊಪ್ಪರಿಗೆಯ ಮುಂದೆ ನಿಂತಿದ್ದ. ತಿರುಗಿ ನೋಡಿದವನ ಮುಖವೇ ಬೇರೆಯಿತ್ತು.

“ಬೆಳ್ಳು ಕಟ್ಕೊಂಡು ಊರ್ತುಂಬ ನನ್ನ ಅಣಕಿಸ್ಕೊಂಡು ತಿರುಗ್ತಿದ್ದಂತಲ್ಲ? ನೋಡ್ದೋರು ನಗಾಡಿದ್ರಂತೆ. ನೀನೂ ನಗಾಡಿದ್ಯಂತೆ.”

“ಅಂಗಲ್ಲ ಕಣೋ…”

“ನಕ್ಯೋ ಇಲ್ವೋ, ಅದೇಳು.”

ನಕ್ಕದ್ದೇನೋ ನಿಜ, ಗಿರಣಿಯಲ್ಲಿ, ಕ್ಯಾಸೆಟ್ಟಿಗೆ. ಅದನ್ನು ಬಿಡಿಸಿ ಹೇಳಲು ರವೀಂದ್ರ ಬಾಯಿ ತೆರೆದ. ಪುಟ್ಟರಾಜು ಅಷ್ಟರಲ್ಲಿ ಬೆನ್ನು ತಿರುಗಿಸಿದ್ದ. ರವೀಂದ್ರ ಸೈಕಲ್ಲನ್ನು ಕಬ್ಬಿನ ರಾಶಿಗೆ ಒರಗಿಸಿ, “ಅಂಗೈ ಬುಡದಲ್ಲಿ ನೂಕು, ಸಾಕು,” ಎಂದಷ್ಟೇ ಹೇಳಿ ಬಸ್ಸು ಹತ್ತಿದ.

ಭಾನುವಾರ ಜಕ್ಕನಹಳ್ಳಿಯಲ್ಲಿ ಎರಡು ಟೀ ಹೇಳಿದ. ಎರಡನ್ನೂ ತಾನೇ ಕುಡಿದ. ಮುಂದಿನ ಭಾನುವಾರ ಒಂದೇ ಹೇಳಿದ. ಒಬ್ಬನೇ ಹತ್ತಿದ. ಬೆಟ್ಟದ ತಿರುವಿನಲ್ಲಿ ಅಭ್ಯಾಸಬಲದಿಂದ ಹಿಂದಕ್ಕೆ ಕಿವಿಗೊಟ್ಟ. ಗಾಳಿ ಬಿಟ್ಟರೆ ಬೇರೇನೂ ಕೇಳಲಿಲ್ಲ. ಮೇಲೆ ಹೋಗಿ ಪುಳಿಯೋಗರೆ ತಿನ್ನದೆ ಇಳಿದು ಬಂದ. ಭಾನುವಾರಗಳು ಹೀಗೇ ಕಳೆದವು. ಮಾತಿಲ್ಲದ ದಿನ ವಾರಕ್ಕೆ ಏಳಾದವು.

ಸುಗ್ಗಿ ಮುಗಿಯುವ ಹೊತ್ತಿಗೆ ಪುಟ್ಟರಾಜುವಿನ ಹೆಂಡತಿ ಪ್ರಮೀಳಾ ಭತ್ತವನ್ನು ಅಕ್ಕಿ ಮಾಡಿಸಲು ಗಿರಣಿಗೆ ಬಂದಳು. ರವೀಂದ್ರನನ್ನು ಕಂಡು ಮುಖ ಅರಳಿಸಿದಳು. ಆಲೆಮನೆಯಲ್ಲಿ ಆದ ಮಾತು ಅವಳಿಗೆ ಗೊತ್ತಿರಲಿಲ್ಲ.

“ಅಣ್ಣಾ, ಏನೋ ಮಂತ್ರ ಮಾಡ್ಕೊಟ್ಟಿದ್ದೀರ ಆ ಸೈಕಲ್ಗೆ. ದಿನಾ ಒರೆಸ್ತಾರೆ, ಆ ಸನ್ನೆಗೆ ಎಣ್ಣೆ ಬುಡ್ತಾರೆ, ಬಾಯಾಗೇನೋ ಬಯ್ಕತ್ತಾರೆ. ಸಂತೆ ದಿನ ಬಂತು ಅಂದ್ರೆ ಒತ್ತಾರೇನೇ ಅತ್ಕೊಂಡು ಒಂಟೋಯ್ತಾರೆ. ಸಂತೆ ಸಾಮಾನಂತೂ ಒಂದೂ ತರಕಿಲ್ಲ, ಬರೀ ಮೇಲ್ಕೋಟೆ ಪುಳಿಯೋಗರೆ ಪೊಟ್ಣ.” ಅವಳು ನಕ್ಕಳು. “ನೀವೂ ಜೊತೇಲೇ ಓಯ್ತೀರಲ್ವಾ? ಒಂದ್ಸಲ ಮನೆ ಕಡೆಗಾದ್ರೂ ಬನ್ನಿ.”

“ಊಂ, ಬತ್ತೀನಿ ಬುಡವ್ವ,” ಎಂದ ರವೀಂದ್ರ. ಅವಳ ಭತ್ತದ ಮೂಟೆಯನ್ನು ತಾನೇ ಎತ್ತಿ ಒಳಗಿಟ್ಟ.

ಅವಳು ಹೋದ ಮೇಲೆ ಮೋಟಾರಿನ ಹಿಂದೆ ಹೋಗಿ ಕೂತ. ಮೊದಲು ಸಂತೋಷವಾಯಿತು. ಅಂಗೈಯ ಬುಡ ಸಾಕಾಗಿತ್ತು. ಗೇರು ಗೊಣಗದೆ ಕೂರುತ್ತಿರಬೇಕು, ಪುಟ್ಟರಾಜು ಅದೇ ತಿರುವಿನಲ್ಲಿ ಅದೇ ಬೈಗುಳ ಬಯ್ಯುತ್ತಿರಬೇಕು. ಆಮೇಲೆ ದುಃಖ ಬಂತು, ತಡೆಯಲು ಹೋಗಲಿಲ್ಲ. ಅವನು ಬಯ್ಯುತ್ತಿದ್ದಾನೆ, ಕೇಳಲು ಮುಂದೆ ಯಾರೂ ಇಲ್ಲ. ಇವನು ಕಿವಿಗೊಡುತ್ತಿದ್ದಾನೆ, ಬಯ್ಯಲು ಹಿಂದೆ ಯಾರೂ ಇಲ್ಲ. ಒಂದೇ ಬೆಟ್ಟ, ಒಂದೇ ಪುಳಿಯೋಗರೆ, ದಿನ ಮಾತ್ರ ಬೇರೆ.

ಸಂತೆ ದಿನ ರಜೆ ಹಾಕಿ ಜಕ್ಕನಹಳ್ಳಿಯಲ್ಲಿ ಹೋಗಿ ನಿಂತುಬಿಡೋಣವೇ ಎನಿಸಿತು. ಮೇಸ್ತ್ರಿಯನ್ನು ಕೇಳಲು ಎದ್ದೂ ಎದ್ದ. ಪುಟ್ಟರಾಜುವಿನ ಕೋಪವನ್ನು ರವೀಂದ್ರನಿಗಿಂತ ಚೆನ್ನಾಗಿ ಬಲ್ಲವರು ಯಾರು? ಎದುರಿಗೆ ತನ್ನನ್ನು ಕಂಡರೆ ಸೈಕಲ್ಲು ತಿರುಗಿಸಿಕೊಂಡು ಹೋಗಿ ಜಗಲಿಗೆ ಒರಗಿಸಿಯಾನು, ಮತ್ತೆ ಇಳಿಸಲಿಕ್ಕಿಲ್ಲ. ರವೀಂದ್ರ ಮತ್ತೆ ಕೂತ.

ಈಗಲೂ ಅವನು ಭಾನುವಾರ ಮೇಲುಕೋಟೆ ಹತ್ತುತ್ತಾನೆ. ಗಿರಣಿಗೆ ರಜೆಯಿದ್ದರೆ ಬೇರೆ ದಿನವೂ ಹೋಗುತ್ತಾನೆ. ಸಂತೆ ದಿನ ಮಾತ್ರ ಆ ರಸ್ತೆಗೆ ಇಳಿಯುವುದಿಲ್ಲ.