ಬಲಗಣ್ಣಿನ ಬಳೆ

ನಲವತ್ತು ಸಾವಿರದ ಬೈನಾಕ್ಯುಲರ್ ಕೊಳ್ಳುವುದೆಂದು ತೀರ್ಮಾನಿಸಿದ್ದೆ. ಹಳೆಯದನ್ನು ಮಾರುವ ಮುಂಚೆ ಸ್ವಲ್ಪ ಒರೆಸಿಸೋಣವೆಂದು ಶಿರಾದ ಒಂದು ಕನ್ನಡಕದಂಗಡಿಗೆ ಹೋದೆ. ಗಂಡ ತೀರಿಕೊಂಡ ಮೇಲೆ ಆ ಅಂಗಡಿಯನ್ನು ಶಮೀಮಮ್ಮ ಎಂಬುವವರು ನಡೆಸುತ್ತಾರೆ.

"ಇದಕ್ಕೇನಾಗಿದೆ ಸಾರ್?" ಎಂದರು.

"ಹಕ್ಕಿಗಳು ಮಂಜುಮಂಜಾಗಿ ಕಾಣ್ತವೆ ಕಣಮ್ಮ. ಅರ್ಧ ಗಂಟೆಗೆಲ್ಲ ತಲೆನೋವು. ಅಗ್ಗದ ಮಾಲು, ಐದು ವರ್ಷ ಆಯ್ತು. ನಲವತ್ತು ಸಾವಿರದ್ದು ತಗೊಳ್ತಿದೀನಿ."

ಅವರು ಗಾಜು ಒರೆಸಿ, ಬೀದಿಯಾಚೆಯ ಕರೆಂಟ್ ಕಂಬದ ಕಡೆ ಹಿಡಿದು ನೋಡಿದರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟು, ಬಾಗಿಲಲ್ಲಿ ನಿಲ್ಲಿಸಿ, ಬಲಗಡೆಯ ಗಾಜಿಗೆ ಅಂಗೈ ಅಡ್ಡ ಹಿಡಿದರು.

"ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸರಿಮಾಡ್ಕೊಳ್ಳಿ. ಆಯ್ತಾ? ಈಗ ಎಡಗಡೆ ಮುಚ್ತೀನಿ. ಚಕ್ರ ಮುಟ್ಟಬೇಡಿ. ಬಲಗಣ್ಣಿನ ಹತ್ರ ಬಳೆ ಥರ ಒಂದಿದೆಯಲ್ಲ, ಅದನ್ನ ಮಾತ್ರ ತಿರುಗಿಸಿ."

ಆ ಬಳೆ ತಿರುಗುತ್ತದೆಂಬುದೇ ನನಗೆ ಗೊತ್ತಿರಲಿಲ್ಲ. ತಿರುಗಿಸಿದೆ. ಅವರು ಕೈ ತೆಗೆದರು. ಕಂಬದ ಮೇಲೆ ಕೂತಿದ್ದ ಗೊರವಂಕದ ಕಣ್ಣಿನ ಸುತ್ತಲಿನ ಹಳದಿ ಕೂಡ ಕಂಡಿತು. ನೋಡುತ್ತಲೇ ನಿಂತೆ.

"ನಿಮ್ಮ ಎರಡು ಕಣ್ಣಿನ ನಂಬರ್ ಬೇರೆಬೇರೆ, ಅಷ್ಟೇ. ನಲವತ್ತು ಸಾವಿರದ್ದು ತಂದ್ರೂ ಹಿಂಗೇ ತಿರುಗಿಸ್ಬೇಕು ಸಾರ್."

ಎಷ್ಟು ಕೊಡಲಿ ಎಂದು ಕೇಳಿದ್ದಕ್ಕೆ, "ಗಾಜು ಒರೆಸಿದ್ದಕ್ಕೆ ಏನು ಕಾಸು? ಕೊಡಿ ಇಲ್ಲಿ, ನಾನೂ ಒಂದ್ಸಲ ಹಕ್ಕಿ ನೋಡ್ತೀನಿ" ಎಂದು ಕೈ ಚಾಚಿದರು. ಗಿರಾಕಿ ಬಂದು ಕರೆಯುವವರೆಗೂ ನೋಡುತ್ತಲೇ ಇದ್ದರು.

ಹೊಸದನ್ನು ಕೊಳ್ಳಲಿಲ್ಲ. ನನಗಾದ ನಷ್ಟ ಒಂದೇ. ಪುರವರದ ಕೆರೆಯಲ್ಲಿ ಅಪರೂಪದ ಗಿಡುಗ ಕಂಡೆನೆಂದು ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಮರುದಿನ ಹೋಗಿ ನೋಡಿದರೆ ಅದು ಮಾಮೂಲಿ ಹದ್ದು.